ಬೆಣ್ಣೆಗಾಲಪ್ಪನ ಹೊಸ ಕ್ಲಚ್ಚು

ಹೆತ್ತವರು ಅವನಿಗೆ ಇಟ್ಟ ಹೆಸರು ಬೇರೆ. ಅದನ್ನು ಊರು ಯಾವತ್ತೋ ಮರೆತಿತ್ತು. ಎಲ್ಲರ ಬಾಯಲ್ಲೂ ಅವನು ಬೆಣ್ಣೆಗಾಲಪ್ಪ. ಅದಕ್ಕೆ ಕಾರಣ ಅವನ ಎಡಗಾಲು. ಅವನು ಟ್ರಾಕ್ಟರಿನ ಕ್ಲಚ್ ಬಿಟ್ಟರೆ ಗಾಡಿ ಯಾವಾಗ ನಿಂತಿತ್ತು, ಯಾವಾಗ ಹೊರಟಿತು ಎನ್ನುವುದೇ ತಿಳಿಯುತ್ತಿರಲಿಲ್ಲ. ಬೇರೆಯವರ ಟ್ರೇಲರಿನಲ್ಲಿ ಕೂತ ಕೂಲಿಯವರು ಗಾಡಿ ಹೊರಟಾಗಲೆಲ್ಲ ಒಬ್ಬರ ಮೇಲೊಬ್ಬರು ಉರುಳಿ, ಡ್ರೈವರನ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಇವನ ಟ್ರೇಲರಿನಲ್ಲಿ ಹೆಂಗಸರು ಕೂಸಿಗೆ ಹಾಲೂಡಿಸುತ್ತ ನಿಶ್ಚಿಂತೆಯಿಂದ ಕೂತಿರುತ್ತಿದ್ದರು. ಜನ ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದರು. ಏರಿದವನು ಇಳಿಯುವ ಗೋಜಿಗೇ ಹೋಗಲಿಲ್ಲ.

ಟ್ರಾಕ್ಟರು ಅವನ ಮದುವೆಗಿಂತ ಹಳೆಯದು. ಅದರ ಮೂಲ ಬಣ್ಣ ಯಾವುದೆಂದು ತಿಳಿಯಬೇಕಾದರೆ ಸೀಟಿನ ಕೆಳಗೆ ಬಗ್ಗಿ ನೋಡಬೇಕಿತ್ತು. ಮನೆಯಲ್ಲಿ ಅದನ್ನು ಮುದುಕಿ ಎನ್ನುತ್ತಿದ್ದರು. 'ನಮ್ಮನೇಲಿ ಇಬ್ಬರು ಮುದುಕಿಯರು. ಒಬ್ಬಳು ಡೀಸೆಲ್ ಕುಡೀತಾಳೆ, ಇನ್ನೊಬ್ಬಳು ನನ್ನ ರಕ್ತ ಕುಡೀತಾಳೆ' ಎಂದು ಅವನು ಹೆಂಡತಿಯ ಎದುರಿಗೇ ಹೇಳುತ್ತಿದ್ದ. 'ಡೀಸೆಲ್ ಕುಡಿಯೋಳಿಗೆ ದಿನಾ ಮೈ ಒರೆಸ್ತೀರಾ, ನನಗೆ?' ಎಂದು ಅವಳು ಅಲ್ಲೇ ತಿರುಗಿಸಿ ಕೊಡುತ್ತಿದ್ದಳು. ಮಕ್ಕಳಿರಲಿಲ್ಲ. ಅವಳ ತಮ್ಮ ಚಿಕ್ಕಂದಿನಲ್ಲೇ ತಂದೆ ತಾಯಿ ಕಳೆದುಕೊಂಡು ಇವರ ಮನೆ ಸೇರಿದವನು, ಇವರ ಕೈಯಲ್ಲೇ ಬೆಳೆದು ಈಗ ಮುಖ್ಯರಸ್ತೆಯ ತಿರುವಿನಲ್ಲಿ ಟ್ರಾಕ್ಟರ್ ಮೆಕ್ಯಾನಿಕ್ ಆಗಿದ್ದ. ಅಕ್ಕನಿಗೆ ಅವನೇ ಮಗ. ಮದುವೆಯಾಗಿ ಬೇರೆ ಮನೆ ಮಾಡಿದ್ದರೂ ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆಗೇ ಬರುತ್ತಿದ್ದ.

ಟ್ರೇಲರ್ ಕಟ್ಟುವುದರಲ್ಲಿ ಈ ಗಂಡಹೆಂಡಿರದು ಬೇರೆಯವರ ಹಾಗಲ್ಲ. ಬೇರೆಯವರು ಟ್ರಾಕ್ಟರನ್ನು ಅಂದಾಜಿನ ಮೇಲೆ ಹಿಂದಕ್ಕೆ ತಂದು, ಇಂಜಿನ್ ಆರಿಸಿ, ಕೆಳಗಿಳಿದು, ಹಾರೆಯಲ್ಲಿ ಮೀಟಿ, ಬೈದು, ಬೆವರಿ, ಎರಡನ್ನೂ ಕೂಡಿಸುವ ಪಿನ್ ಹಾಕುತ್ತಿದ್ದರು. ಇಲ್ಲಿ ಅವಳು ಟ್ರಾಕ್ಟರಿನ ಎರಡು ದೊಡ್ಡ ಗಾಲಿಗಳ ನಡುವೆ ಹೋಗಿ ನಿಲ್ಲುತ್ತಿದ್ದಳು. ನಾಲ್ಕು ಗಾಲಿಯ ಟ್ರೇಲರಿನ ಮುಂದಿನ ಕಬ್ಬಿಣದ ತೋಳನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಪಿನ್ ಹಿಡಿದು, 'ಬನ್ನಿ... ಬನ್ನಿ...' ಎನ್ನುತ್ತಿದ್ದಳು. ಅವನು ಕತ್ತು ಹಿಂದಕ್ಕೆ ತಿರುಗಿಸಿ, ಒಂದು ಕೈ ಮಡ್‌ಗಾರ್ಡಿನ ಮೇಲಿಟ್ಟು, ಬ್ರೇಕ್ ಮುಟ್ಟದೆ ಬರೀ ಕ್ಲಚ್ಚಿನಲ್ಲೇ ಆ ಕಬ್ಬಿಣದ ರಾಶಿಯನ್ನು ಇಂಚಿಂಚಾಗಿ ಹಿಂದಕ್ಕೆ ತರುತ್ತಿದ್ದ. ಅವಳು 'ಹಾಂ' ಎಂದ ಕೂಡಲೇ ಎಡಗಾಲು ಕೆಳಗಿಳಿಯುತ್ತಿತ್ತು. ತೂತಿಗೆ ತೂತು ಕೂಡಿ ಪಿನ್ ಠಣ್ಣೆಂದು ಬೀಳುತ್ತಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು. ಒಮ್ಮೆ ಯಾರೋ ಹಿರಿಯರು, 'ಏನಮ್ಮ, ಅದು ನಿಲ್ಲೋ ಜಾಗಾನಾ?' ಎಂದಿದ್ದರು. 'ಆ ಕಾಲು ನನಗೆ ಗೊತ್ತು ಬಿಡಿ' ಎಂದಿದ್ದಳು. ಗಂಡನನ್ನು ಅವಳು ನೂರು ವಿಷಯಕ್ಕೆ ನಂಬುತ್ತಿರಲಿಲ್ಲ, ಆ ಕಾಲನ್ನು ಮಾತ್ರ ನಂಬಿದ್ದಳು.

ಹೋದ ಮಳೆಗಾಲದಲ್ಲಿ ಮುದುಕಿಯ ಕ್ಲಚ್ ಜಾರತೊಡಗಿತು. ತುಂಬಿದ ಟ್ರೇಲರ್ ಎಳೆದುಕೊಂಡು ದಿಬ್ಬ ಹತ್ತುವಾಗ ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಗಾಲಿ ಮಾತ್ರ ಕೂತಲ್ಲೇ ಕೂತಿರುತ್ತಿತ್ತು. ಸುಟ್ಟ ವಾಸನೆ ಮೂಗಿಗೆ ಅಡರುತ್ತಿತ್ತು. ಭಾಮೈದ ಪೆಡಲಿನ ಸರಳನ್ನು ಸರಿಮಾಡಿ ಕೊಟ್ಟ. ಸ್ವಲ್ಪ ದಿನ ನಡೆಯಿತು, ಮತ್ತೆ ಜಾರಿತು. ಕ್ಲಚ್ಚಿನ ಪ್ಲೇಟ್ ಬದಲಿಸಿದ. ಮುಂದಿನ ಬಿತ್ತನೆಯ ಹೊತ್ತಿಗೆ ಅದೂ ಸುಟ್ಟಿತು. 'ನೀನು ತಂದದ್ದು ಕಳಪೆ ಮಾಲು' ಎಂದು ಬೆಣ್ಣೆಗಾಲಪ್ಪ ಭಾಮೈದನ ಮೇಲೆ ಹರಿಹಾಯ್ದ. ಇನ್ನೊಂದು ಹಾಕಿದರು. ಅದೂ ಹೋಯಿತು. ಈ ಸಲ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ಹತ್ತಿದೆ ಎಂದು ಹಟ ಹಿಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಾದರೋ ಚೆನ್ನಾಗಿ ಕುಣಿಯಬಲ್ಲವನೇ, ಆದರೂ ಹುಟ್ಟಿದಾಗಿನಿಂದ ನೆಲದ್ದೇ ತಪ್ಪು. ಬೆಳೆ ಕೆಟ್ಟರೆ ಬೀಜದ್ದು, ಜ್ವರ ಬಂದರೆ ಗಾಳಿಯದ್ದು, ಮಾತು ಕೆಟ್ಟರೆ ಹೆಂಡತಿಯದ್ದು. ತಾನು ತಪ್ಪಿದೆ ಎಂಬ ಮಾತು ಅವನ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ.

ಭಾಮೈದನ ಶೆಡ್ಡಿಗೆ ಮೂರು ಕಡೆ ತಗಡಿನ ಗೋಡೆ, ಒಂದು ಕಡೆ ರಸ್ತೆ. ನೆಲಕ್ಕೆ ಎಷ್ಟೋ ವರ್ಷದ ಎಣ್ಣೆ ಕುಡಿದು ಕಲ್ಲಿನ ಹೊಳಪು ಬಂದಿತ್ತು. ಅಲ್ಲಿ ಮುದುಕಿಯನ್ನು ನಡುವಿಗೆ ಬಿಚ್ಚಿ, ಮುಂದಿನ ಭಾಗ ಮರದ ದಿಮ್ಮಿಗಳ ಮೇಲೆ, ಹಿಂದಿನ ಭಾಗ ಗಾಲಿಗಳ ಮೇಲೆ, ಎರಡು ತುಂಡು ಮಾಡಿ ನಿಲ್ಲಿಸಿದ್ದ. ಸುಟ್ಟ ಪ್ಲೇಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಕ್ಲಚ್ ಒತ್ತಿದಾಗ ಪ್ಲೇಟನ್ನು ಬಿಡಿಸುವ ಬೇರಿಂಗು ಕಾದು ಕಾದು ನೀಲಿಗಟ್ಟಿತ್ತು.

'ಭಾವ, ಇದರಲ್ಲಿ ಎಣ್ಣೆ ಹನಿ ಇಲ್ಲ. ನೋಡಿ, ಒಣಗಿದೆ' ಎಂದ ಮೆಲ್ಲಗೆ. 'ಪೆಡಲ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸೋರ ಪ್ಲೇಟ್ ಹೀಗೆ ಸುಡುತ್ತೆ.'

'ಏನಂದೆ?'

'ಕ್ಲಚ್ ಬಿಟ್ಟ ಮೇಲೂ ಕಾಲು ಅಲ್ಲೇ ಇದ್ರೆ ಅರ್ಧ ಒತ್ತಿದ ಹಾಗೇ ಇರುತ್ತಲ್ಲ...'

'ನನಗೆ ಕ್ಲಚ್ ಬಿಡೋದು ಹೇಳಿಕೊಡ್ತೀಯಾ? ಚಡ್ಡಿ ಹಾಕ್ಕೊಳ್ಳೋಕೆ ಬರದೇ ಇದ್ದಾಗಿಂದ ನಿನ್ನ ನೋಡಿದೀನಿ ನಾನು!'

ಆ ಮನೆಯ ಅನ್ನ ತಿಂದು ಬೆಳೆದವನಿಗೆ ಭಾವನ ಮುಂದೆ ದನಿ ಏರಿಸಿ ಅಭ್ಯಾಸವಿರಲಿಲ್ಲ. ಹೊಸ ಪ್ಲೇಟು, ಹೊಸ ಬೇರಿಂಗು ಹಾಕಿ, ಗಾಡಿಯನ್ನು ಮತ್ತೆ ಒಂದು ಮಾಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಕರೆದ. 'ಭಾವ, ಒಂದ್ಸಲ ಸೀಟ್ ಮೇಲೆ ಕೂತ್ಕೊಳ್ಳಿ. ಇಂಜಿನ್ ಬೇಡ. ಮುಂದೆ ರಸ್ತೆ ನೋಡ್ತಾ ಇರಿ. ಕೆಳಗೆ ನೋಡಬೇಡಿ.'

ಬೆಣ್ಣೆಗಾಲಪ್ಪ ಗೊಣಗುತ್ತ ಹತ್ತಿ ಕೂತ.

'ಒತ್ತಿ. ಹಾಂ. ಬಿಡಿ. ಕಾಲು ಪೂರ್ತಿ ತೆಗೀರಿ.'

'ತೆಗೆದೆ.'

'ಪೂರ್ತಿ ತೆಗೆದ್ರಾ?'

'ತೆಗೆದೆ ಅಂದ್ನಲ್ಲೋ!'

'ಹಾಗಾದ್ರೆ ಈಗ ಕೆಳಗೆ ನೋಡಿ.'

ಅವನು ನೋಡಿದ. ಭಾಮೈದನ ಅಂಗೈ ಪೆಡಲಿನ ಮೇಲಿತ್ತು. ಅದರ ಮೇಲೆ ತನ್ನದೇ ಕಾಲು ಇತ್ತು. ಇತ್ತು ಎಂದರೆ ಸುಮ್ಮನೆ ಇರಲಿಲ್ಲ, ಇಡೀ ಭಾರ ಹಾಕಿ ಒತ್ತಿ ಕೂತಿತ್ತು. ಭಾಮೈದನ ಬೆರಳುಗಳು ರಕ್ತವಿಲ್ಲದೆ ಬೆಳ್ಳಗಾಗಿದ್ದವು. ಅವನು ಕೈ ಎಳೆದುಕೊಂಡಿರಲಿಲ್ಲ, ಹಲ್ಲು ಕಚ್ಚಿ ಭಾವನ ಮುಖವನ್ನೇ ನೋಡುತ್ತಿದ್ದ.

ಬೆಣ್ಣೆಗಾಲಪ್ಪ ತನ್ನ ಕಾಲನ್ನು ಇನ್ಯಾರದ್ದೋ ಕಾಲೆಂಬಂತೆ ನೋಡಿದ. ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು. ಮಾತ್ರೆ ನೆನಪಾದಾಗ ನುಂಗುತ್ತಿದ್ದ. ಹೋದ ವರ್ಷ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊಲದಿಂದ ಮನೆವರೆಗೆ ನಡೆದು ಬಂದಿದ್ದ. ಇನ್ನೊಂದು ಎಲ್ಲಿ ಕಳಚಿ ಬಿತ್ತೋ ತಿಳಿಯಲೇ ಇಲ್ಲ. ಗಂಡ ಹೆಂಡತಿ ಹೊಟ್ಟೆ ಹಿಡಿದು ನಕ್ಕಿದ್ದರು. ಈಗ ಅವನಿಗೆ ನಗು ಬರಲಿಲ್ಲ.

'ಡಾಕ್ಟರಿಗೆ ತೋರಿಸೋಣ' ಎಂದ ಭಾಮೈದ. 'ಅದು ಹಾಗಿರಲಿ, ಮೊದಲು ಅಕ್ಕನಿಗೆ ಹೇಳಿ. ಇನ್ನು ಅವಳನ್ನ ಹಿಂದೆ ನಿಲ್ಲಿಸಬೇಡಿ ಭಾವ. ಹಳೇ ಪ್ಲೇಟು ಜಾರ್ತಿತ್ತು. ನಿಮ್ಮ ಕಾಲು ತಪ್ಪಿದ್ರೂ ಗಾಡಿ ತಟ್ಟಂತ ಎಗರ್ತಿರಲಿಲ್ಲ. ಇದು ಹೊಸದು, ಮುಟ್ಟಿದ ಕೂಡ್ಲೇ ಹಿಡಿಯುತ್ತೆ.'

'ಹೇಳ್ತೀನಿ. ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ.'

'ಭಾವ...'

'ನಿನ್ನ ಅಕ್ಕನ ಮೇಲೆ ಆಣೆ ಮಾಡು.'

ಯಾರ ಜೀವಕ್ಕಾಗಿ ಮಾತಾಡಬೇಕಿತ್ತೋ ಅವಳ ಮೇಲೆಯೇ ಆಣೆ ಹಾಕಿಸಿ ಅವನ ಬಾಯಿಗೆ ಬೀಗ ಹಾಕಿದ. ಭಾಮೈದ ಆಣೆ ಮಾಡಿದ. ಮಾಡಬಾರದಿತ್ತು. ದೊಡ್ಡವರ ಮಾತು ಮೀರದೆ ಬೆಳೆದ ಒಳ್ಳೆಯ ಹುಡುಗರು ಮಾಡುವ ತಪ್ಪು ಅದು.

ಹೇಳಬೇಕು ಎಂದುಕೊಂಡೇ ಬೆಣ್ಣೆಗಾಲಪ್ಪ ಮನೆಗೆ ಬಂದ. ಅವಳು ತಟ್ಟೆ ಇಟ್ಟಳು. ಅವನು ಬಾಯಿ ತೆರೆದ, 'ಉಪ್ಪು ಕಡಿಮೆ' ಎಂದ. ಮರುದಿನ ಮತ್ತೆ ತೆರೆದ, ಮೋಡದ ಮಾತು ಬಂತು. ಮಾತು ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಅವಳು ಅವನನ್ನು ಸೀಟಿನ ಮೇಲೆ ಹತ್ತಗೊಡುವುದಿಲ್ಲ. ಹತ್ತದಿದ್ದರೆ ಅವನು ಯಾರು? ಬೇಲಿಯ ಪಕ್ಕ ಬೀಡಿ ಸೇದುತ್ತ ಬೇರೆಯವರ ಟ್ರಾಕ್ಟರ್ ನೋಡುವ ಇನ್ನೊಬ್ಬ ಮುದುಕ. ಕೊನೆಗೆ ಒಂದು ಉಪಾಯ ಕಂಡುಕೊಂಡ. ಕಾಲು ಹೇಳದ್ದನ್ನು ಕಣ್ಣು ಹೇಳಲಿ. ಕ್ಲಚ್ ಒತ್ತುವಾಗ, ಬಿಡುವಾಗ, ಪ್ರತಿ ಸಲ ಬಗ್ಗಿ ನೋಡುವುದು. ಹೊಲದಲ್ಲಿ ಅದು ನಡೆಯಿತು, ರಸ್ತೆಯಲ್ಲೂ ಹೇಗೋ ನಡೆಯಿತು. ಟ್ರೇಲರ್ ಕಟ್ಟುವಾಗ ಮಾತ್ರ ನಡೆಯುವಂತಿರಲಿಲ್ಲ. ಅಲ್ಲಿ ಕತ್ತು ಹಿಂದಕ್ಕೆ ತಿರುಗಲೇಬೇಕು. ಹಿಂದೆ ಹೆಂಡತಿಯನ್ನು ನೋಡುವವನು ಮುಂದೆ ಕಾಲನ್ನು ನೋಡುವುದು ಹೇಗೆ?

ಹಾಗಾಗಿ ಸ್ವಲ್ಪ ದೂರದಲ್ಲೇ ಗಾಡಿ ನಿಲ್ಲಿಸಿ, ಇಳಿದು, ಊರವರ ಹಾಗೆ ತಾನೂ ಹಾರೆ ಹಿಡಿದು ಮೀಟತೊಡಗಿದ. ಅವಳಿಗೆ ಸಿಟ್ಟು ಬಂತು.

'ನನ್ನ ಕೆಲಸ ಯಾಕ್ರೀ ಕಿತ್ಕೊಳ್ತೀರಾ? ನನ್ನ ಕೈಗೇನಾಗಿದೆ?'

'ನಿನಗೆ ವಯಸ್ಸಾಯ್ತು.'

'ನನಗಾ? ಹೊಸ ಮದುವಣಗಿತ್ತಿ ಹಾಗೆ ನೆಲ ನೋಡ್ಕೊಂಡು ಗಾಡಿ ಓಡಿಸ್ತಿರೋರು ಯಾರು?'

ಆಗ ಹೇಳಬಹುದಿತ್ತು. ಮಾತು ತಾನಾಗಿ ಅಲ್ಲಿಗೇ ಬಂದು ನಿಂತಿತ್ತು. ಅವನು ನಕ್ಕು ಹಾರೆ ಎತ್ತಿಕೊಂಡ.

ಆಲೂಗಡ್ಡೆ ಅಗೆಯುವ ಕಾಲ ಬಂತು. ಪಕ್ಕದ ಹೊಲದ ದಪ್ಪ ಮೀಸೆಯವನ ಮೂಟೆಗಳನ್ನು ಸಾಗಿಸಬೇಕಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೂಟೆ ಏರಿಸಿ ಮುಗಿಸಿದ ಕೂಲಿಯವರು ಬದುವಿನ ಮೇಲೆ ಸಾಲಾಗಿ ಕೂತಿದ್ದರು. ತುಂಬಿದ ಟ್ರೇಲರ್ ಹೊಲದ ಅಂಚಿನಲ್ಲಿ ನಿಂತಿತ್ತು. ಬೆಣ್ಣೆಗಾಲಪ್ಪ ಮುದುಕಿಯನ್ನು ತಿರುಗಿಸಿ ಹಿಂದಕ್ಕೆ ತಂದು, ಈಚೆಗಿನ ಅಭ್ಯಾಸದಂತೆ ಮಾರು ದೂರದಲ್ಲಿ ನಿಲ್ಲಿಸಿದ.

ದಪ್ಪ ಮೀಸೆಯವನು ಸುಮ್ಮನಿರಬೇಕಲ್ಲ! 'ಏನೋ ಬೆಣ್ಣೆಗಾಲಪ್ಪ, ಈಗೀಗ ಇಳಿದು ಇಳಿದು ನೋಡ್ತೀಯಂತೆ? ಬೆಣ್ಣೆ ಕರಗಿ ಹೋಯ್ತಾ?'

ಬದುವಿನ ಮೇಲೆ ಕೂತವರು ಗೊಳ್ಳೆಂದರು. ಅವನ ಕಿವಿ ಬಿಸಿಯಾಯಿತು. ಅವನಿಗಿಂತ ಹೆಚ್ಚು ಉರಿದದ್ದು ಅವಳಿಗೆ. ಮನೆಯೊಳಗೆ ಗಂಡನನ್ನು ಏನು ಬೇಕಾದರೂ ಅನ್ನುವಳು, ಹೊರಗಿನವರು ಒಂದು ಮಾತಂದರೆ ಸಹಿಸುವವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಸರನೆ ಹೋಗಿ, ಗಾಲಿಗಳ ನಡುವೆ ನಿಂತು, ಕಬ್ಬಿಣದ ತೋಳನ್ನು ಎತ್ತಿದಳು.

'ಬನ್ರೀ ಹಿಂದಕ್ಕೆ. ಇವರ ಬಾಯಿ ಮುಚ್ಚಿಸೋಣ.'

ಇಳಿದುಬಿಡಬಹುದಿತ್ತು. 'ಬೇಡ, ಆಚೆ ಬಾ' ಎನ್ನಬಹುದಿತ್ತು. ಅವನು ಒಮ್ಮೆ ಬಗ್ಗಿ ನೋಡಿದ. ಕಾಲು ಪೆಡಲಿನ ಮೇಲೇ ಇತ್ತು. ಸಾಕು ಎನಿಸಿತು. ಕತ್ತು ತಿರುಗಿಸಿ, ಮಡ್‌ಗಾರ್ಡಿನ ಮೇಲೆ ಕೈಯಿಟ್ಟ. ಎಲ್ಲರೂ ನೋಡುತ್ತಿದ್ದಾರೆಂದು ಬಲಗಾಲನ್ನು ಬ್ರೇಕಿನಿಂದ ದೂರ ಇಟ್ಟುಕೊಂಡ. ಅದೂ ಹಳೆಯ ಜಂಬವೇ.

'ಬನ್ನಿ... ಬನ್ನಿ... ಬನ್ನಿ...'

ಗಾಡಿ ಮೊದಲಿನ ಹಾಗೆಯೇ ತೆವಳಿತು. ಅವನಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು.

'ಹಾಂ!'

ಅವನು ಒತ್ತಿದ. ಮನಸ್ಸಿನಲ್ಲಿ ಪೂರ್ತಿ ಒತ್ತಿದ. ಕಾಲು ಪೆಡಲಿನ ಅಂಚಿನಿಂದ ಯಾವಾಗಲೋ ಜಾರಿ, ಪಕ್ಕದ ತಗಡನ್ನು ಒತ್ತಿತು. ಹೊಸ ಪ್ಲೇಟು ಮಾಡಬೇಕಾದ ಕೆಲಸವನ್ನು ಮಾಡಿತು, ಗಬಕ್ಕನೆ ಹಿಡಿಯಿತು. ಟ್ರಾಕ್ಟರು ಹಿಂದಕ್ಕೆ ಹೋದದ್ದು ಒಂದು ಗೇಣು, ಅಷ್ಟೇ. ಬಲಗಾಲು ಹಾರಿ ಬ್ರೇಕ್ ತುಳಿಯಿತು. ಇಂಜಿನ್ ಕೆಮ್ಮಿ ಆರಿತು.

ಅವಳು ಕೂಗಲಿಲ್ಲ. ಉಸಿರು ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು. ಪಿನ್ ಹಿಡಿದಿದ್ದ ಬಲಗೈ ಎರಡು ಕಬ್ಬಿಣಗಳ ನಡುವೆ ಸಿಕ್ಕಿಕೊಂಡಿತ್ತು. ಗಾಡಿ ರಿವರ್ಸ್ ಗೇರಿನಲ್ಲಿ ಬಿಗಿದು ನಿಂತಿತ್ತು. ಕ್ಲಚ್ ಒತ್ತದೆ ಅದನ್ನು ಮುಂದಕ್ಕೆ ತಳ್ಳುವಂತಿರಲಿಲ್ಲ. ಬೆಣ್ಣೆಗಾಲಪ್ಪ ಸೀಟಿನಿಂದ ಕುಸಿದು ಬಗ್ಗಿ, ಎರಡೂ ಕೈಗಳಿಂದ ಪೆಡಲನ್ನು ಅದುಮಿ ಹಿಡಿದು, 'ತಳ್ರೋ! ಮುಂದಕ್ಕೆ ತಳ್ರೋ!' ಎಂದು ಅರಚಿದ. ಬದುವಿನ ಮೇಲಿದ್ದವರು ಓಡಿ ಬಂದು ತಳ್ಳಿದರು. ಅವಳು ತನ್ನ ಕೈಯನ್ನು ಒಮ್ಮೆ ನೋಡಿಕೊಂಡು, ಗಾಲಿಗೆ ಒರಗಿ ಕೂತಳು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಉಳಿದದ್ದು ಮಡಚಲು ಬರುತ್ತದೋ ಇಲ್ಲವೋ ಆಮೇಲೆ ನೋಡೋಣ ಎಂದರು. ಹೇಗಾಯಿತೆಂದು ನರ್ಸಮ್ಮ ಕೇಳಿದಾಗ, 'ನನ್ನದೇ ತಪ್ಪು. ಹಾಂ ಅನ್ನೋದು ತಡ ಮಾಡಿದೆ' ಎಂದಳು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ದಪ್ಪ ಮೀಸೆಯವನು ಹೊರಗಿನ ಬೆಂಚಿನ ಮೇಲೆ ಬೆಣ್ಣೆಗಾಲಪ್ಪನ ಪಕ್ಕ ಕೂತು, ದನಿ ತಗ್ಗಿಸಿ, 'ನಿನ್ನ ಕಾಲು ತಪ್ಪೋದುಂಟಾ? ಭಾಮೈದ ಹಾಕಿದ ಹೊಸ ಪ್ಲೇಟು ಸರಿಯಾಗಿ ಕೂತಿರಲಿಲ್ಲ ಅನ್ಸುತ್ತೆ' ಎಂದ. ಬೆಣ್ಣೆಗಾಲಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, 'ಏನೋಪ್ಪ' ಎಂದ. ಆಗಲೂ! ಕಣ್ಣೆದುರು ಅಷ್ಟಾದ ಮೇಲೂ! ಸ್ವಲ್ಪ ದೂರದಲ್ಲಿ ಔಷಧಿಯ ಚೀಲ ಹಿಡಿದು ನಿಂತಿದ್ದ ಭಾಮೈದನಿಗೆ ಅದು ಕೇಳಿಸಿತು. ಅವನು ಗೋಡೆಯ ಕಡೆ ತಿರುಗಿದ. ಆ ಬೆನ್ನನ್ನು ನೋಡಿದಾಗ ಬೆಣ್ಣೆಗಾಲಪ್ಪನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಅವನ ಬದುಕಿನಲ್ಲಿ ಅದು ಹೊಸದು.

ಬಂದವರೆಲ್ಲ ಹೋದ ಮೇಲೆ ಅವಳು ಅವನನ್ನು ಒಳಗೆ ಕರೆಸಿದಳು. ಕಬ್ಬಿಣದ ಮಂಚ, ತೊಳೆದೂ ತೊಳೆದೂ ಬಣ್ಣ ಹೋದ ಹೊದಿಕೆ, ಎದೆಯ ಮೇಲೆ ಮಗುವಿನಷ್ಟು ದಪ್ಪದ ಬ್ಯಾಂಡೇಜು. ಅವನು ಸ್ಟೂಲಿನ ಮೇಲೆ ಕೂತ.

'ಒಂದು ಕೇಳ್ತೀನಿ' ಎಂದಳು. 'ಪೆಡಲ್‌ನ ಕೈಯಲ್ಲಿ ಯಾಕೆ ಒತ್ತಿದ್ರಿ? ಕಾಲಿತ್ತಲ್ಲ.'

ಅವನು ಹೊದಿಕೆಯ ಅಂಚನ್ನು ಸರಿಮಾಡಿದ.

'ಊರವರು ಗಾಬರಿಗೆ ಅಂದ್ಕೊಂಡಿದಾರೆ. ನಾನು ಹಾಗೆ ಅಂದ್ಕೊಳ್ಳಲ್ಲ. ಆ ಕಾಲಿನ ಜೊತೆ ಇಷ್ಟು ವರ್ಷ ಬಾಳಿದೀನಿ.'

'ಜೋಮು' ಎಂದ ಅವನು. 'ಹೋದ ಮಳೆಗಾಲದಿಂದಾನೇ ಇರಬೇಕು. ಎಲ್ಲಿದೆ ಅಂತ ಗೊತ್ತಾಗಲ್ಲ.'

'ಇದು ನಿಮಗೆ ಮೊದಲೇ ಗೊತ್ತಿತ್ತಾ?'

'ಗೊತ್ತಿತ್ತು.'

'ಗೊತ್ತಿದ್ದೂ ನಾನು ಅಲ್ಲಿ ನಿಂತಾಗ ಸುಮ್ಮನಿದ್ರಾ?'

'ಹೂಂ.'

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸೀಲಿಂಗಿನ ಕಡೆ ನೋಡುತ್ತ ಮಲಗಿದ್ದಳು. ಆಮೇಲೆ ಕೇಳಿದಳು, 'ತಮ್ಮನಿಗೆ ಗೊತ್ತಿತ್ತಾ?'

ಬಾಗಿಲ ಮರೆಯಲ್ಲಿ ಭಾಮೈದ ನಿಂತದ್ದು ಬೆಣ್ಣೆಗಾಲಪ್ಪನಿಗೆ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಹೌದು ಎಂದರೆ ನಿಜವೇ ಆಗುತ್ತಿತ್ತು, ಅರ್ಧ ಭಾರ ಆಚೆಯವನ ಹೆಗಲಿಗೆ ಹೋಗುತ್ತಿತ್ತು. ಬದುಕೆಲ್ಲ ಬೀಜದ ಮೇಲೆ, ಗಾಳಿಯ ಮೇಲೆ, ಪ್ಲೇಟಿನ ಮೇಲೆ ಹೊರಿಸುತ್ತ ಬಂದವನಿಗೆ ಅದೇನು ಕಷ್ಟದ ಮಾತೂ ಆಗಿರಲಿಲ್ಲ.

'ಇಲ್ಲ' ಎಂದ. 'ಪ್ಲೇಟ್ ಯಾಕೆ ಹೀಗೆ ಸುಡ್ತಿದೆ ಅಂತ ಪಾಪ ಎಷ್ಟು ಸಲ ಕೇಳಿದ. ನಾನೇ ಮುಚ್ಚಿಟ್ಟೆ. ಅವನಿಗೇನೂ ಗೊತ್ತಿರಲಿಲ್ಲ.'

ಅವಳು ಕಣ್ಣು ಮುಚ್ಚಿಕೊಂಡಳು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಳು.

'ಸದ್ಯ' ಎಂದಳು. 'ಅವನೊಬ್ಬನಾದ್ರೂ ನನಗೆ ಉಳಿದ.' ಆಮೇಲೆ ಅವನ ಕಡೆ ತಿರುಗದೆ, 'ಅವನನ್ನ ಒಳಗೆ ಕಳಿಸಿ. ನೀವು ಹೊರಗಿರಿ' ಎಂದಳು.

ಅವನು ಎದ್ದ. ಎಡಗಾಲು ನೆಲಕ್ಕೆ ತಾಗಿದೆಯೇ ಎಂದು ಬಗ್ಗಿ ನೋಡಿಕೊಂಡು ಬಾಗಿಲ ಕಡೆ ನಡೆದ.